ಬಡತನ ನಿವಾರಣೆಯಲ್ಲಿ ಇಂಜಿನಿಯರರ ಪಾತ್ರ

(ಇಂಜಿನಿಯರರ ದಿನಾಚರಣೆಯ ಅಂಗವಾಗಿ ಪುಣೆಯಲ್ಲಿ ಕನ್ನಡಿಗರ ಸಭೆಯನ್ನು ಉದ್ದೇಶಿಸಿ ಮಾಡಿದ ಭಾಷಣದ ಪೂರ್ಣಪಾಠ)



ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ನಮ್ಮ ದೇಶದಲ್ಲಿ ಇಂಜಿನಿಯರರ ದಿನವೆಂದು ಆಚರಿಸಲಾಗುತ್ತಿದೆ. ಅವರು ಇಂಜಿನಿಯರಿಂಗ್ ವಿದ್ಯೆಯನ್ನು ಕಲಿತ ಊರಿನಲ್ಲಿಯೇ ಈ ದಿನ ನಿಮ್ಮೊಡನೆ ಮಾತನಾಡುವ ಅವಕಾಶ ದೊರೆತುದು ನನಗೆ ಅತ್ಯಂತ ಸಂತೋಷವನ್ನುಂಟುಮಾಡಿದೆ.

ಪುಣೆಗೂ ಕನ್ನಡ ನಾಡಿಗೂ ಇರುವ ನಂಟು ಬಹಳ ಹಳೆಯದು. ಇಲ್ಲಿನ ಮುಳಾ ಮತ್ತು ಮುಠಾ ನದಿಗಳ ನೀರು ಭೀಮೆಯನ್ನು ಸೇರಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಹಾಯ್ದು ಕೃಷ್ಣೆಯನ್ನು ಕೂಡುತ್ತದೆ. ಅದೇ ಜಿಲ್ಲೆಗಳಿಂದ ಹೊಟ್ಟೆಪಾಡಿಗಾಗಿ ಜನರು ಪುಣೆಯತ್ತ ಬರುತ್ತಾರೆ. ನೀರು ಕೆಳಕ್ಕೆ ಹರಿಯುತ್ತದೆ. ದುಡಿಯುವ ಜನ ಮೇಲಕ್ಕೆ ಬರುತ್ತಾರೆ. ಈ ಎರಡು ಹರಿವುಗಳ ನಡುವೆ ಇಂಜಿನಿಯರನ ಕಾರ್ಯಕ್ಷೇತ್ರವಿದೆ.

ಬಡತನವನ್ನು ಕಡಿಮೆ ಮಾಡುವಲ್ಲಿ ಇಂಜಿನಿಯರನ ಪಾತ್ರವೇನು ಎಂದು ಕೇಳಿದಾಗ ಅಣೆಕಟ್ಟು, ರಸ್ತೆ, ವಿದ್ಯುತ್ತು, ಕಾರ್ಖಾನೆ ಎಂದು ನಾವು ಕೂಡಲೇ ಉತ್ತರಿಸುತ್ತೇವೆ. ಈ ಉತ್ತರ ತಪ್ಪಲ್ಲ. ಆದರೆ ಅದು ಅರ್ಧ ಉತ್ತರ. ಕಟ್ಟಿದ ವಸ್ತುವಿನ ಪ್ರಯೋಜನ ಯಾರಿಗೆ ತಲಪುತ್ತದೆ, ಅದರ ಹೊರೆಯನ್ನು ಯಾರು ಹೊರುತ್ತಾರೆ, ಅದು ಕೆಟ್ಟಾಗ ಯಾರು ಸರಿಪಡಿಸುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಇಂಜಿನಿಯರನು ತನ್ನ ಲೆಕ್ಕದೊಳಗೆ ತಂದುಕೊಂಡಾಗ ಮಾತ್ರ ಆ ಉತ್ತರ ಪೂರ್ಣವಾಗುತ್ತದೆ. ಇವನ್ನು ರಾಜಕಾರಣಿಗಳಿಗೋ ಸಮಾಜಸೇವಕರಿಗೋ ಬಿಟ್ಟರಾಯಿತು ಎಂಬ ಭಾವನೆ ನಮ್ಮ ವೃತ್ತಿಯಲ್ಲಿ ಬೇರೂರಿದೆ. ಪುಣೆಯ ಸುತ್ತಮುತ್ತಲಿನ ಅನುಭವ ಬೇರೆಯೇ ಪಾಠವನ್ನು ಹೇಳುತ್ತದೆ.

ನೀರಾ ನಾಲೆಯ ಪಾಠ

ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತ ಓದಿದರು. 1881ರಲ್ಲಿ ಬಿ.ಎ. ಪದವಿ ಪಡೆದು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿದರು. 1854ರಲ್ಲಿ ಒಂದು ಸಣ್ಣ ಇಂಜಿನಿಯರಿಂಗ್ ತರಗತಿಯಾಗಿ ಹುಟ್ಟಿದ ಆ ಸಂಸ್ಥೆ 2022ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. 1883ರಲ್ಲಿ ಪ್ರಥಮ ಸ್ಥಾನದಲ್ಲಿ ಉತ್ತೀರ್ಣರಾದ ಅವರು ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರರಾದರು. ಬಡ ವಿದ್ಯಾರ್ಥಿಯೊಬ್ಬನಿಗೆ ಸರ್ಕಾರ ನೀಡಿದ ವಿದ್ಯಾರ್ಥಿವೇತನ ಎಂತಹ ಫಲವನ್ನು ಕೊಟ್ಟಿತೆಂಬುದನ್ನು ನಾನು ಇಲ್ಲಿ ವಿವರಿಸಬೇಕಾಗಿಲ್ಲ.

ಖಡಕವಾಸಲಾ ಜಲಾಶಯಕ್ಕೆ 1903ರಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಸುಪ್ರಸಿದ್ಧವಾಗಿವೆ. ನೀರು ನಿಗದಿತ ಮಟ್ಟವನ್ನು ಮೀರಿದೊಡನೆ ಅವು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಮಟ್ಟ ಇಳಿದೊಡನೆ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಅಣೆಕಟ್ಟನ್ನು ಎತ್ತರಿಸದೆಯೇ, ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿದ್ದ ನೀರನ್ನು ಹಿಡಿದಿಡಲು ಇದರಿಂದ ಸಾಧ್ಯವಾಯಿತು. ಮುಂದೆ ಇದೇ ತತ್ವದ ಬಾಗಿಲುಗಳು ಕೃಷ್ಣರಾಜಸಾಗರದಲ್ಲಿಯೂ ಬಳಕೆಗೆ ಬಂದವು.

ಆದರೆ ಬಡತನದ ದೃಷ್ಟಿಯಿಂದ ನೋಡಿದಾಗ ಅವರ ಇನ್ನೊಂದು ಕಾರ್ಯ ಇದಕ್ಕಿಂತ ಮಹತ್ವದ್ದೆಂದು ನನಗೆ ತೋರುತ್ತದೆ. 1876ರಿಂದ 1878ರ ವರೆಗಿನ ಭೀಕರ ಕ್ಷಾಮದ ನಂತರ ದಖ್ಖನ್ ಪ್ರದೇಶದಲ್ಲಿ ನಾಲೆಗಳು ರೂಪುಗೊಂಡವು. ಕ್ಷಾಮವನ್ನು ತಡೆಯುವುದು ಅವುಗಳ ಉದ್ದೇಶವಾಗಿತ್ತು. ಆದರೆ ನಡೆದುದು ಬೇರೆ. ನಾಲೆಯ ಮೇಲ್ಭಾಗದ ಹಳ್ಳಿಗಳಲ್ಲಿ ಕಬ್ಬಿಗೆ ನೀರು ಹೇರಳವಾಗಿ ಹರಿಯಿತು. ಅಲ್ಲಿ ಭೂಮಿ ಜವುಳಾಯಿತು, ಮಲೇರಿಯಾ ಹಬ್ಬಿತು. ಕೆಳಭಾಗದ ಹಳ್ಳಿಗಳಿಗೆ ನೀರೇ ತಲಪಲಿಲ್ಲ. ಮಳೆ ಚೆನ್ನಾಗಿ ಬಂದ ವರ್ಷ ರೈತರು ನಾಲೆಯ ನೀರನ್ನು ಕೇಳುತ್ತಿರಲಿಲ್ಲ. ಬರ ಬಂದ ವರ್ಷ ಎಲ್ಲರೂ ಒಮ್ಮೆಗೇ ಕೇಳುತ್ತಿದ್ದರು.

ಇದಕ್ಕೆ ಪರಿಹಾರವಾಗಿ ವಿಶ್ವೇಶ್ವರಯ್ಯನವರು 1899ರಲ್ಲಿ ಬ್ಲಾಕ್ ಪದ್ಧತಿಯನ್ನು ಜಾರಿಗೆ ತಂದರು. ನೀರಾ ನಾಲೆಯ ಪ್ರದೇಶದಲ್ಲಿ ಅದು ರೂಪುಗೊಂಡಿತು. ನಾಲೆಯ ಪ್ರಯೋಜನವನ್ನು ಸಾಧ್ಯವಾದಷ್ಟು ಹೆಚ್ಚು ಹಳ್ಳಿಗಳಿಗೆ ಹಂಚುವುದು ಅದರ ಮೊದಲ ನಿಯಮ. ಪ್ರತಿ ಹಳ್ಳಿಯಲ್ಲಿಯೂ ಮಣ್ಣಿನ ಗುಣವನ್ನು ನೋಡಿ ಒಂದು ಮಿತವಾದ ಪ್ರದೇಶವನ್ನು ಗುರುತಿಸಿ, ಅದರೊಳಗೆ ಹೆಚ್ಚು ನೀರು ಬೇಡುವ ಬೆಳೆ ಮತ್ತು ಕಡಿಮೆ ನೀರು ಬೇಡುವ ಬೆಳೆಗಳನ್ನು ಸರದಿಯಂತೆ ಬೆಳೆಯುವುದು ಎರಡನೆಯ ನಿಯಮ. ಹೀಗೆ ಒಪ್ಪಿಕೊಂಡ ರೈತನಿಗೆ ಹಲವು ವರ್ಷಗಳ ಕಾಲ ನೀರಿನ ಭರವಸೆ ನೀಡುವುದು ಮೂರನೆಯದು. ಮೊದಲಿಗೆ ರೈತರಿಂದ ವಿರೋಧ ಬಂದರೂ ಕ್ರಮೇಣ ಪದ್ಧತಿ ನೆಲೆಯೂರಿತು.

ಈ ಕಾರ್ಯದಲ್ಲಿ ಹೊಸ ಕಟ್ಟಡವಿಲ್ಲ, ಶಂಕುಸ್ಥಾಪನೆಯಿಲ್ಲ, ಫಲಕವಿಲ್ಲ. ಇದ್ದ ನೀರನ್ನೇ ಹೆಚ್ಚು ಮನೆಗಳಿಗೆ ತಲಪಿಸುವ ಲೆಕ್ಕ ಮಾತ್ರ ಇದೆ. ಅಂದಿನ ತರುಣ ಇಂಜಿನಿಯರರೊಬ್ಬರು ಹಂಚಿಕೆಯನ್ನು ತಮ್ಮ ವೃತ್ತಿಯ ಭಾಗವೆಂದೇ ಭಾವಿಸಿದ್ದರು ಎಂಬುದಕ್ಕೆ ಇದು ಸಾಕ್ಷಿಯಾಗಿದೆ.

ನಾಯಗಾಂವ್ ತೋರಿದ ದಾರಿ

ಬ್ಲಾಕ್ ಪದ್ಧತಿ ನೀರನ್ನು ಹಳ್ಳಿಗಳಿಗೆ ಹಂಚಿತಾದರೂ ಭೂಮಿಯುಳ್ಳವನಿಗೆ ಮಾತ್ರ ಹಂಚಿತು. ಭೂಮಿಯಿಲ್ಲದವನ ಪ್ರಶ್ನೆ ಹಾಗೆಯೇ ಉಳಿಯಿತು. ಸುಮಾರು ಮುಕ್ಕಾಲು ಶತಮಾನದ ನಂತರ ಪುಣೆಯ ಮತ್ತೊಬ್ಬ ಇಂಜಿನಿಯರರು ಆ ಪ್ರಶ್ನೆಯನ್ನು ಕೈಗೆತ್ತಿಕೊಂಡರು.

1972ರಲ್ಲಿ ಮಹಾರಾಷ್ಟ್ರವನ್ನು ಭೀಕರ ಬರಗಾಲ ಆವರಿಸಿತು. ನೀರಾ ಕಣಿವೆಗೆ ಹೊಂದಿಕೊಂಡಿರುವ ಪುರಂದರ ತಾಲ್ಲೂಕು ಸಹ್ಯಾದ್ರಿಯ ಮಳೆ ನೆರಳಿನ ಪ್ರದೇಶ. ಅಲ್ಲಿ ಸಾವಿರಾರು ರೈತರು ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತಿದ್ದರು. ಪುಣೆಯಲ್ಲಿ ಸ್ವಂತ ಉದ್ದಿಮೆಯನ್ನು ನಡೆಸುತ್ತಿದ್ದ ವಿಲಾಸರಾವ್ ಸಾಳುಂಖೆಯವರು ಈ ದೃಶ್ಯವನ್ನು ನೋಡಿ ಕಳವಳಗೊಂಡರು. ಇಷ್ಟೊಂದು ಜನರ ದುಡಿಮೆ ರಸ್ತೆಯ ಜಲ್ಲಿಯಾಗುವ ಬದಲು ಮಳೆನೀರನ್ನು ಹಿಡಿಯುವ ಕೆಲಸಕ್ಕೆ ಏಕೆ ಬಳಕೆಯಾಗಬಾರದು ಎಂಬುದು ಅವರ ಪ್ರಶ್ನೆಯಾಗಿತ್ತು.

ನಾಯಗಾಂವ್ ಎಂಬ ಹಳ್ಳಿಯಲ್ಲಿ ದೇವಸ್ಥಾನದ ಟ್ರಸ್ಟಿಗೆ ಸೇರಿದ 40 ಎಕರೆ ಬಂಜರು ಇಳಿಜಾರನ್ನು ಅವರು ದೀರ್ಘಾವಧಿಯ ಗುತ್ತಿಗೆಗೆ ಪಡೆದರು. ಇಳಿಜಾರಿಗೆ ಅಡ್ಡಲಾಗಿ ಬದುಗಳನ್ನು ಹಾಕಿಸಿದರು. ಕೆಳಗೆ ನೀರು ಇಂಗುವ ಕೆರೆಯನ್ನೂ ಅದರ ಕೆಳಗೆ ಬಾವಿಯನ್ನೂ ನಿರ್ಮಿಸಿ, ಬಾವಿಯ ನೀರನ್ನು ಪಂಪಿನಿಂದ ಮೇಲಿನ ಹೊಲಗಳಿಗೆ ಎತ್ತಿದರು. ಅದುವರೆಗೆ ಹೆಚ್ಚೇನೂ ಬೆಳೆಯದಿದ್ದ ಭೂಮಿ ಹಸುರಾಯಿತು. ಇಷ್ಟಕ್ಕೆ ನಿಂತಿದ್ದರೆ ಅದೊಂದು ಮಾದರಿ ತೋಟವಾಗುತ್ತಿತ್ತು, ಅಷ್ಟೆ. ಆದರೆ ಸುತ್ತಲಿನ ಗ್ರಾಮಗಳ ರೈತರೊಡನೆ ಚರ್ಚಿಸಿ ಅವರು ರೂಪಿಸಿದ ‘ಪಾನಿ ಪಂಚಾಯತ್’ ನಿಯಮಗಳು ದೇಶದ ಗಮನವನ್ನು ಸೆಳೆದವು.

ಯೋಜನೆಗಳನ್ನು ಒಬ್ಬೊಬ್ಬ ರೈತನಿಗೆ ಕೊಡದೆ ಗುಂಪಿಗೆ ಮಾತ್ರ ಕೊಡಬೇಕು. ನೀರನ್ನು ಭೂಮಿಯ ವಿಸ್ತೀರ್ಣಕ್ಕೆ ತಕ್ಕಂತೆ ಕೊಡದೆ ಕುಟುಂಬದ ಜನಸಂಖ್ಯೆಗೆ ತಕ್ಕಂತೆ ಕೊಡಬೇಕು: ತಲೆಗೆ ಅರ್ಧ ಎಕರೆಗೆ ಸಾಕಾಗುವಷ್ಟು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಭೂಮಿಯನ್ನು ಮಾರಿದರೆ ನೀರಿನ ಹಕ್ಕು ಅದರೊಡನೆ ಹೋಗದೆ ಗುಂಪಿಗೆ ಮರಳಬೇಕು. ಭೂರಹಿತರಿಗೂ ನೀರಿನ ಪಾಲು ಇರಬೇಕು. ಕಬ್ಬಿನಂತಹ ಅತಿಯಾಗಿ ನೀರು ಬೇಡುವ ಬೆಳೆಯನ್ನು ಬೆಳೆಯಕೂಡದು. ವೆಚ್ಚದ ಶೇಕಡ 20ರಷ್ಟನ್ನು ಸದಸ್ಯರೇ ಭರಿಸಬೇಕು. ಉಳಿದುದಕ್ಕೆ ಸರ್ಕಾರದ ಸಹಾಯಧನ ಮತ್ತು ಅವರ ಗ್ರಾಮ ಗೌರವ ಪ್ರತಿಷ್ಠಾನದ ಬಡ್ಡಿರಹಿತ ಸಾಲ ದೊರೆಯುತ್ತಿತ್ತು. ನೀರನ್ನು ಸರದಿಯಂತೆ ಬಿಡಲು ಗುಂಪು ತನ್ನವನೇ ಆದ ಒಬ್ಬನನ್ನು ನೇಮಿಸುತ್ತಿತ್ತು. ನಮ್ಮ ಕೆರೆಗಳ ನೀರುಗಂಟಿಯನ್ನು ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವಲ್ಲ.

ಈ ನಿಯಮಗಳನ್ನು ಗಮನವಿಟ್ಟು ನೋಡಿರಿ. ಪಂಪಿನ ಶಕ್ತಿ ಎಷ್ಟಿರಬೇಕು, ಕೊಳವೆ ಎಷ್ಟು ದಪ್ಪವಿರಬೇಕು ಎಂಬುದು ಇಲ್ಲಿ ಹಂಚಿಕೆಯ ನಿಯಮದಿಂದಲೇ ನಿರ್ಧಾರವಾಗುತ್ತದೆ. ತಲೆಗೆ ಅರ್ಧ ಎಕರೆ ಎಂದು ಮೊದಲೇ ತೀರ್ಮಾನಿಸಿದ್ದರಿಂದ ಬೇಕಾದ ನೀರಿನ ಪ್ರಮಾಣ, ಅದರಿಂದ ಯಂತ್ರದ ಗಾತ್ರ ಲೆಕ್ಕಕ್ಕೆ ಸಿಕ್ಕಿತು. ನ್ಯಾಯ ಮತ್ತು ವಿನ್ಯಾಸ ಒಂದೇ ಕಾಗದದ ಮೇಲೆ ಬಂದವು.

ಈ ಪ್ರಯೋಗದ ಮಿತಿಗಳನ್ನೂ ಹೇಳುವುದು ಪ್ರಾಮಾಣಿಕತೆಯಾಗುತ್ತದೆ. ಪಾನಿ ಪಂಚಾಯತ್ ಇಡೀ ರಾಜ್ಯಕ್ಕೆ ವ್ಯಾಪಿಸಲಿಲ್ಲ. ಕೆಲವು ಯೋಜನೆಗಳು ವಿದ್ಯುತ್ ವೆಚ್ಚವನ್ನು ತಾಳಲಾರದೆಯೂ ಕೆಲವು ಮೂಲದ ನೀರು ಬತ್ತಿದ್ದರಿಂದಲೂ ನಿಂತುಹೋದವು. ಕಬ್ಬಿನ ಆಕರ್ಷಣೆಯ ಮುಂದೆ ಸ್ವಯಂ ನಿಯಂತ್ರಣ ಸುಲಭವೂ ಅಲ್ಲ. ಸಾಳುಂಖೆಯವರು 2002ರಲ್ಲಿ ನಿಧನರಾದರು. ಆದರೂ ನೀರಿನ ಹಕ್ಕನ್ನು ಭೂಮಿಯಿಂದ ಬಿಡಿಸಿ ಮನುಷ್ಯನಿಗೆ ಕೊಡಬಹುದೆಂದು ತೋರಿಸಿದ ಕೀರ್ತಿ ಈ ಒಣ ತಾಲ್ಲೂಕಿಗೆ ಸಲ್ಲುತ್ತದೆ.

ಹೊರೆಯನ್ನು ಹೊತ್ತವರು

ಪ್ರಯೋಜನದ ಹಂಚಿಕೆಯಂತೆಯೇ ಹೊರೆಯ ಹಂಚಿಕೆಯೂ ಇದೆ. ಪುಣೆಯ ಪಶ್ಚಿಮಕ್ಕಿರುವ ಮುಳಶಿಯಲ್ಲಿ ಮುಂಬಯಿಗೆ ವಿದ್ಯುತ್ತನ್ನು ಒದಗಿಸುವ ಸಲುವಾಗಿ ಅಣೆಕಟ್ಟಿನ ಕೆಲಸ ಆರಂಭವಾದಾಗ, ಭತ್ತದ ಗದ್ದೆಗಳನ್ನು ಕಳೆದುಕೊಳ್ಳಲಿದ್ದ ಮಾವಳ ಪ್ರದೇಶದ ರೈತರು ಸೇನಾಪತಿ ಬಾಪಟರ ನಾಯಕತ್ವದಲ್ಲಿ 1921ರಿಂದ 1924ರ ವರೆಗೆ ಸತ್ಯಾಗ್ರಹ ನಡೆಸಿದರು. ಅಣೆಕಟ್ಟಿನ ವಿರುದ್ಧ ನಮ್ಮ ದೇಶದಲ್ಲಿ ನಡೆದ ಮೊದಲ ಸಂಘಟಿತ ಹೋರಾಟಗಳಲ್ಲಿ ಅದೂ ಒಂದು. ಅಣೆಕಟ್ಟು ನಿಂತಿತು, ಮುಂಬಯಿಗೆ ವಿದ್ಯುತ್ತು ಹರಿಯಿತು, ಗದ್ದೆಗಳು ಮುಳುಗಿದವು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿದುದನ್ನು ಕಂಡಿರುವ ಕನ್ನಡಿಗರಿಗೆ ಈ ನೋವನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಘಟನೆಯನ್ನು ಪುಣೆಯ ಹಿರಿಯರು ಮರೆತಿರಲಾರರು. 1961ರ ಜುಲೈ 12ರಂದು, ಇನ್ನೂ ಪೂರ್ಣಗೊಂಡಿರದ ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರಿನ ರಭಸಕ್ಕೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ಅದೇ ದಿನ ಬಿರಿಯಿತು. ಮುಠಾ ನದಿಯ ದಂಡೆಯ ಹಳೆಯ ಪೇಟೆಗಳು ಜಲಾವೃತವಾಗಿ ಅಸಂಖ್ಯ ಕುಟುಂಬಗಳು ಮನೆಮಾರು ಕಳೆದುಕೊಂಡವು. ನಿರ್ಮಾಣ ಮುಗಿಯುವ ಮೊದಲೇ ಜಲಾಶಯದಲ್ಲಿ ನೀರು ತುಂಬಿದುದು ಈ ದುರಂತಕ್ಕೆ ಹಿನ್ನೆಲೆಯಾಗಿತ್ತು. ಸ್ಥಿತಿವಂತನಿಗೆ ಪ್ರವಾಹವೆಂದರೆ ನಷ್ಟ. ಬಡವನಿಗೆ ಅದು ಮತ್ತೆ ಮೊದಲಿನಿಂದ ಆರಂಭಿಸಬೇಕಾದ ಬದುಕು. ಆದುದರಿಂದ ಸುರಕ್ಷತೆಯ ವಿಷಯದಲ್ಲಿ ಅವಸರಕ್ಕೆ ಮಣಿಯದಿರುವುದೂ ಬಡತನ ನಿವಾರಣೆಯ ಕೆಲಸವೇ ಆಗಿದೆ.

ಉದ್ಘಾಟನೆಯ ನಂತರ

ಮೂರನೆಯ ಪ್ರಶ್ನೆ, ಕೆಟ್ಟಾಗ ಸರಿಪಡಿಸುವವರು ಯಾರು ಎಂಬುದು. ಇದಕ್ಕೆ ನಮ್ಮ ಹಳ್ಳಿಗಳ ಕೈಪಂಪಿಗಿಂತ ಉತ್ತಮ ನಿದರ್ಶನವಿಲ್ಲ.

1960ರ ದಶಕದ ಬರಗಾಲಗಳ ನಂತರ ಗಟ್ಟಿ ಬಂಡೆಯಲ್ಲಿಯೂ ಕೊಳವೆ ಬಾವಿ ಕೊರೆಯುವ ಯಂತ್ರಗಳು ಬಂದವು. ಆದರೆ ಆ ಬಾವಿಗಳ ಮೇಲೆ ಕೂಡಿಸಿದುದು ಎರಕದ ಕಬ್ಬಿಣದ ಹಳೆಯ ಮಾದರಿಯ ಪಂಪುಗಳನ್ನು. ಅವು ಒಂದು ಮನೆಯವರು ದಿನಕ್ಕೆ ಕೆಲವು ಬಾರಿ ಬಳಸಲು ತಯಾರಾದವು. ಇಡೀ ಊರು ಬೆಳಗಿನಿಂದ ರಾತ್ರಿಯ ವರೆಗೆ ಬಳಸಿದಾಗ ಅವು ಮುರಿದುಬಿದ್ದವು. ಕೊರೆದ ಬಾವಿಯಲ್ಲಿ ನೀರಿದ್ದರೂ ಹೆಂಗಸರು ಮತ್ತೆ ಹಳ್ಳದ ನೀರಿಗೇ ಹೋಗಬೇಕಾಯಿತು.

ಸುಧಾರಣೆ ಆರಂಭವಾದುದು ದೊಡ್ಡ ಪ್ರಯೋಗಾಲಯದಲ್ಲಿ ಅಲ್ಲ. ಪುಣೆಗೆ ನೆರೆಯ, ಕನ್ನಡಿಗರು ಬಹುಸಂಖ್ಯೆಯಲ್ಲಿರುವ ಸೊಲ್ಲಾಪುರದಲ್ಲಿ ಉಕ್ಕಿನಿಂದ ತಯಾರಿಸಿದ ಗಟ್ಟಿಮುಟ್ಟಾದ ಪಂಪೊಂದು ಬಳಕೆಯಲ್ಲಿತ್ತು. ಅದನ್ನು ಆಧಾರವಾಗಿಟ್ಟುಕೊಂಡು, ಯುನಿಸೆಫ್ ನೆರವಿನಿಂದ ನಮ್ಮ ಇಂಜಿನಿಯರರು 1970ರ ದಶಕದಲ್ಲಿ ‘ಇಂಡಿಯಾ ಮಾರ್ಕ್ 2’ ಪಂಪನ್ನು ರೂಪಿಸಿದರು. ಸಾಮಾನ್ಯ ಕಾರ್ಖಾನೆಗಳಲ್ಲಿ ತಯಾರಿಸಬಹುದಾದ, ನೂರಾರು ಜನರ ಬಳಕೆಯನ್ನು ತಾಳುವ ಈ ಪಂಪು ಆಫ್ರಿಕದ ಅನೇಕ ದೇಶಗಳಿಗೂ ಹೋಯಿತು. ಆದರೂ ಒಂದು ತೊಡಕು ಉಳಿದಿತ್ತು: ದುರಸ್ತಿಗೆ ಕೊಳವೆಗಳನ್ನೆಲ್ಲ ಮೇಲೆತ್ತಬೇಕಾಗಿದ್ದುದರಿಂದ ಪಟ್ಟಣದಿಂದ ವಾಹನ ಬರುವ ವರೆಗೆ ಹಳ್ಳಿ ಕಾಯಬೇಕಾಗಿತ್ತು. ಆದುದರಿಂದಲೇ ಮುಂದಿನ ಮಾದರಿಯಾದ ‘ಮಾರ್ಕ್ 3’ರಲ್ಲಿ ಸವೆಯುವ ಭಾಗಗಳನ್ನು ಹಳ್ಳಿಯವರೇ ಬಿಚ್ಚಿ ಬದಲಾಯಿಸುವಂತೆ ಮಾಡಲಾಯಿತು.

ಇದೇ ಸಂದರ್ಭದಲ್ಲಿ ನೆರೆಯ ಬಾಂಗ್ಲಾದೇಶದ ಅನುಭವವನ್ನೂ ನೆನೆಯಬೇಕು. ಅಲ್ಲಿ ಕೆರೆಕುಂಟೆಗಳ ನೀರಿನಿಂದ ಹರಡುತ್ತಿದ್ದ ಅತಿಸಾರವನ್ನು ತಡೆಯಲು ಲಕ್ಷಾಂತರ ಕೊಳವೆ ಬಾವಿಗಳನ್ನು ಹಾಕಲಾಯಿತು. ಉದ್ದೇಶ ಒಳ್ಳೆಯದಾಗಿತ್ತು. ಆದರೆ ಅನೇಕ ಬಾವಿಗಳ ನೀರಿನಲ್ಲಿ ವಿಷಕಾರಿ ಆರ್ಸೆನಿಕ್ ಇದೆಯೆಂಬುದು 1993ರಲ್ಲಿ ಬೆಳಕಿಗೆ ಬಂದಿತು. ಬಾವಿ ತೋಡಿ ಹೊರಟುಹೋಗುವುದು ಸಾಲದು. ವರ್ಷವರ್ಷವೂ ನೀರನ್ನು ಪರೀಕ್ಷಿಸುವ ವ್ಯವಸ್ಥೆಯನ್ನೂ ಇಂಜಿನಿಯರನು ಕೊಟ್ಟು ಹೋಗಬೇಕು.

ಜನರ ಮಾತಿಗೆ ಕಿವಿಗೊಡುವುದು

ಈ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಗುವುದು ಜನರಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಅಮೂಲ್ಯ ಕೆ. ಎನ್. ರೆಡ್ಡಿಯವರ ಪ್ರೇರಣೆಯಿಂದ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಈ ತಂಡದವರು ಅಡುಗೆಗಾಗಿ ಸಮುದಾಯ ಗೋಬರ್ ಅನಿಲ ಸ್ಥಾವರವನ್ನು ಯೋಜಿಸಿದರು. ಆದರೆ ಊರಿನ ಸಗಣಿ ಎಲ್ಲ ಮನೆಗಳ ಅಡುಗೆಗೆ ಸಾಲುವಂತಿರಲಿಲ್ಲ. ಊರಿನವರನ್ನು ಕೇಳಿದಾಗ, ಸೌದೆ ಹೇಗೋ ದೊರೆಯುತ್ತದೆ, ನಮಗೆ ಮೊದಲು ಬೇಕಾದುದು ಕುಡಿಯುವ ನೀರು ಎಂಬ ಅಭಿಪ್ರಾಯ ಬಂದಿತು. ಆಗ ಯೋಜನೆಯನ್ನೇ ಬದಲಾಯಿಸಿ, ಅನಿಲದಿಂದ ಇಂಜಿನ್ ನಡೆಸಿ, ವಿದ್ಯುತ್ ಉತ್ಪಾದಿಸಿ, 1987ರಿಂದ ಊರಿಗೆ ನಲ್ಲಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಒದಗಿಸಲಾಯಿತು. ಸಗಣಿ ಕೊಟ್ಟವರಿಗೆ ಹಣವೂ ಗೊಬ್ಬರವಾಗಿ ಅದರ ಬಗ್ಗಡವೂ ದೊರೆಯುತ್ತಿತ್ತು. ವಿಜ್ಞಾನಿಗಳು ತಮ್ಮ ಮೊದಲ ಆಲೋಚನೆಯನ್ನು ಬಿಟ್ಟುಕೊಡಲು ಸಿದ್ಧರಿದ್ದುದರಿಂದಲೇ ಈ ಕೆಲಸ ಊರಿನ ಕೆಲಸವಾಯಿತು.

ನಗರದ ಬಡವರು

ಬಡತನ ಹಳ್ಳಿಗೆ ಸೀಮಿತವಾದುದಲ್ಲ. ಪುಣೆಯಲ್ಲಿ ಕಸದಿಂದ ಕಾಗದ, ಗಾಜು, ಲೋಹಗಳನ್ನು ಆಯ್ದು ಬದುಕುತ್ತಿದ್ದವರು, ಅವರಲ್ಲಿ ಬಹುಪಾಲು ಮಹಿಳೆಯರು, 1993ರಲ್ಲಿ ಸಂಘಟಿತರಾದರು. 2008ರಲ್ಲಿ ಅವರದೇ ಆದ ‘ಸ್ವಚ್ಛ್’ ಸಹಕಾರಿ ಸಂಸ್ಥೆಯು ಮನೆಮನೆಯ ಕಸ ಸಂಗ್ರಹಣೆಗಾಗಿ ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡಿತು. ಕಸ ವಿಲೇವಾರಿಗೆ ದೊಡ್ಡ ಯಂತ್ರವನ್ನೇ ತರಬೇಕೆಂದು ಯೋಚಿಸುವ ಇಂಜಿನಿಯರನು ಇವರ ಅನ್ನವನ್ನು ಕಸಿಯಬಹುದು. ಇವರ ಕೈಗೆ ಹಗುರವಾದ ಗಾಡಿ, ಕೈಗವಸು, ನೆರಳಿರುವ ವಿಂಗಡಣೆ ಸ್ಥಳವನ್ನು ಒದಗಿಸುವ ಇಂಜಿನಿಯರನು ನಗರವನ್ನೂ ಶುಚಿಯಾಗಿಸುತ್ತಾನೆ, ಬದುಕನ್ನೂ ಉಳಿಸುತ್ತಾನೆ.

ಈ ಊರಿನ ಎತ್ತರದ ಕಟ್ಟಡಗಳ ಕಾಮಗಾರಿಯ ಬಳಿ ಹಾಯ್ದು ಹೋಗುವಾಗ ಕಲಬುರಗಿಯ ಕನ್ನಡ ಕಿವಿಗೆ ಬೀಳುತ್ತದೆ. ಆ ಕಾರ್ಮಿಕರ ತಗಡಿನ ಗುಡಿಸಲು, ಕುಡಿಯುವ ನೀರು, ಶೌಚಾಲಯ, ಮಕ್ಕಳ ಕಲಿಕೆಯ ವ್ಯವಸ್ಥೆ, ಎತ್ತರದಲ್ಲಿ ದುಡಿಯುವಾಗ ಸೊಂಟಕ್ಕೆ ಕಟ್ಟುವ ಸುರಕ್ಷಾ ಪಟ್ಟಿ, ಇವೆಲ್ಲ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಸೇರಬೇಕಾದ ಬಾಬುಗಳು. ಅಂದಾಜು ಪಟ್ಟಿಗೆ ಸಹಿ ಹಾಕುವವನು ಇಂಜಿನಿಯರನೇ. ತನ್ನ ಕಣ್ಣಮುಂದಿರುವ ಬಡವನಿಗೆ ನೆರವಾಗಲು ಅವನು ಬೇರೆ ಯಾವ ಸರ್ಕಾರಿ ಆದೇಶಕ್ಕೂ ಕಾಯಬೇಕಾಗಿಲ್ಲ.

ತರುಣ ಇಂಜಿನಿಯರರಲ್ಲಿ ಮನವಿ

ಕೊನೆಯದಾಗಿ ತರುಣ ಮಿತ್ರರಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಬಡತನದ ನಿರ್ಮೂಲನವೇ ಮೊದಲನೆಯದು. ಅದು ಘೋಷಣೆಯಿಂದ ಆಗುವ ಕೆಲಸವಲ್ಲ. ನಕ್ಷೆ, ಅಳತೆ, ಅಂದಾಜು ಪಟ್ಟಿಗಳಿಂದ ಆಗುವ ಕೆಲಸ. ನೀವೆಲ್ಲರೂ ಹಳ್ಳಿಗೆ ಹೋಗಬೇಕೆಂದು ನಾನು ಹೇಳುವುದಿಲ್ಲ. ಕಾರ್ಖಾನೆಯಲ್ಲಿರಿ, ಗಣಕಯಂತ್ರದ ಮುಂದಿರಿ, ಇಲಾಖೆಯಲ್ಲಿರಿ. ಎಲ್ಲಿಯೇ ಇದ್ದರೂ ನಿಮ್ಮ ಕೈಗೆ ಬಂದ ಪ್ರತಿ ಯೋಜನೆಗೂ ಆ ಮೂರು ಪ್ರಶ್ನೆಗಳನ್ನು ಹಾಕಿರಿ: ಪ್ರಯೋಜನ ಯಾರಿಗೆ? ಹೊರೆ ಯಾರಿಗೆ? ಕೆಟ್ಟಾಗ ದುರಸ್ತಿ ಯಾರಿಂದ? ಉತ್ತರ ದೊರೆಯದಿದ್ದಲ್ಲಿ ಯೋಜನೆ ಇನ್ನೂ ಪೂರ್ಣವಾಗಿಲ್ಲವೆಂದು ತಿಳಿಯಿರಿ ಮತ್ತು ಹಾಗೆಂದು ಬರೆದು ತಿಳಿಸುವ ಧೈರ್ಯ ತೋರಿರಿ.

ನಾಲೆಯ ನೀರು ಕೊನೆಯಂಚಿನ ಹೊಲಕ್ಕೆ ತಲಪಿತೇ ಎಂದು ನೋಡಲು ಕೊನೆಯಂಚಿನ ವರೆಗೆ ನಡೆದು ಹೋಗುವ ಇಂಜಿನಿಯರರು ಈ ದೇಶಕ್ಕೆ ಬೇಕಾಗಿದ್ದಾರೆ. ಅಂತಹವರು ನಿಮ್ಮಲ್ಲಿಂದಲೇ ಬರಲಿ ಎಂದು ಹಾರೈಸುತ್ತೇನೆ.

ಜೈ ಹಿಂದ್.